ಅವ್ವನ ಬಲಗಾಲಿಗೆ ತೊಟ್ಟಿಲು

ಒಂದೂರಲ್ಲಿ ಒಬ್ಬಳು ಅವ್ವ, ಅವ್ವನಿಗೊಬ್ಬ ಮಗ. ಅವ್ವ ಸಣ್ಣತಾಯಮ್ಮ, ಮಗ ಗವಿಯ. ಗವಿಯನಿಗೆ ವಯಸ್ಸು ಮೂವತ್ತಾಗಿತ್ತು, ಬುದ್ಧಿ ಮಾತ್ರ ದಾರೀಲಿ ಎಲ್ಲೋ ಉಳ್ಕೊಂಡಿತ್ತು. ಹೇಳಿದ್ದು ಮಾಡ್ತಿದ್ದ, ಹೇಳಿದ್ದಷ್ಟೇ ಮಾಡ್ತಿದ್ದ. "ಬಾಗಿಲ ಹತ್ರ ಇರು" ಅಂದ್ರೆ ಹಸು ಒಳಕ್ಕೆ ನುಗ್ಗಿ ಅಕ್ಕಿ ತಿಂದ್ರೂ ಬಾಗಿಲ ಹತ್ರಾನೇ ಇರ್ತಿದ್ದ. ಈಗ್ಲೇ ನಗಬೇಡಿ, ನಗೋದು ಮುಂದೈತೆ. ಮತ್ತೆ, ಅವನನ್ನ ಪೆದ್ದ ಅಂತ ನಾನು ಅನ್ನಬಹುದು, ನೀವು ಅನ್ನಂಗಿಲ್ಲ.

ಸಣ್ಣತಾಯಮ್ಮ ಸೊಪ್ಪು ಮಾರೋಳು. ಮಂಕರಿ ತುಂಬ ಕೀರೆ, ದಂಟು, ಸಬ್ಬಸಿಗೆ ಹೊತ್ಕೊಂಡು ಬರಿಗಾಲಲ್ಲಿ ಬೀದಿ ಬೀದಿ ಸುತ್ತೋಳು. ಆ ಕಾಲು ನಡೆದ್ರೆ ಇಬ್ರಿಗೂ ಮುದ್ದೆ, ಇಲ್ದಿದ್ರೆ ಇಬ್ರಿಗೂ ತಣ್ಣೀರು. ಹಿಂಗಿರುವಾಗ ಅವಳಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಯ್ತು. ಅವಳು ತನಗೋಸ್ಕರ ಅಳಲಿಲ್ಲ. "ನಾನು ಬಿದ್ಕೊಂಡ್ರೆ ಈ ಮಂಕನಿಗೆ ಅನ್ನ ಇಕ್ಕೋರು ಯಾರು?" ಅಂತ ಅತ್ಲು.

ಊರಿನ ಆಶಾ ಕಾರ್ಯಕರ್ತೆ ಶಕುಂತಲಕ್ಕ. ಬಾಯಿ ಜೋರು, ಮನಸ್ಸು ಒಳ್ಳೇದು. ಅವಳು ಗವಿಯನನ್ನ ಕರೆದು ಹೇಳಿದ್ಲು, "ನೋಡಪ್ಪ, ನಿಮ್ಮವ್ವನಿಗೆ ಸಿಹಿ ಅಂದ್ರೆ ಪ್ರಾಣ. ಇನ್ಮೇಲೆ ಸಿಹಿ ಅವಳ ಕಣ್ಣಿಗೇ ಬೀಳಬಾರದು."

"ಆಯ್ತಕ್ಕ" ಅಂದ ಗವಿಯ.

ಮಾರನೇ ದಿನ ಅವ್ವ ಮಗ ಸಂತೆಗೆ ಹೊರಟ್ರು. ಮೂಲೆ ಅಂಗಡೀಲಿ ಜಿಲೇಬಿ ಕರೀತಿದ್ರು. ಗವಿಯ ನೋಡ್ದ, ಹೆಗಲ ಮೇಲಿದ್ದ ಟವಲು ತೆಗೆದ, ಹಿಂದಿನಿಂದ ಬಂದು ಅವ್ವನ ಕಣ್ಣಿಗೆ ಬಿಗಿಯಾಗಿ ಕಟ್ಟಿಬಿಟ್ಟ. ಮಂಕರಿ ಒಂದು ಕಡೆ, ಅವ್ವ ಒಂದು ಕಡೆ. ದಂಟಿನ ಸೊಪ್ಪೆಲ್ಲ ಚರಂಡಿ ಪಾಲು. ಜಿಲೇಬಿ ಮಾತ್ರ ಕಣ್ಣಿಗೆ ಬೀಳಲಿಲ್ಲ, ಅಷ್ಟು ನಿಜ.

ಶಕುಂತಲಕ್ಕ ಓಡಿ ಬಂದು ಬೈದ್ಲು. "ಕಣ್ಣು ಕಟ್ಟೋದಲ್ಲ ಕಣೋ, ಕಾಲು ಕಾಯೋದು ಮುಖ್ಯ. ಈ ಕಾಯಿಲೇಲಿ ಅಂಗಾಲು ಜೋಮು ಹಿಡಿಯುತ್ತೆ, ಮುಳ್ಳು ಹೊಕ್ಕರೂ ತಿಳಿಯಲ್ಲ. ಚಪ್ಪಲಿ ಇಲ್ದೆ ಒಂದು ಹೆಜ್ಜೆ ಇಡೋಕೂ ಬಿಡಬೇಡ." ಅವಳೇ ಒಂದು ಜೊತೆ ಮೆತ್ತನೆ ಚಪ್ಪಲಿ ತಂದ್ಕೊಟ್ಲು.

"ಆಯ್ತಕ್ಕ."

ಮಂಗಳವಾರ ಅವ್ವ ಮಾರಮ್ಮನ ಗುಡಿಗೆ ಹೋದ್ಲು. ಹೊರಗೆ ಚಪ್ಪಲಿ ಬಿಟ್ಲು, ಒಳಗೆ ಕಾಲಿಟ್ಲು. ಗವಿಯ ಎರಡೂ ಚಪ್ಪಲಿ ಎತ್ಕೊಂಡು ಓಡಿಬಂದು, ಮಂಗಳಾರತಿ ಹೊತ್ತಲ್ಲಿ, ಜನದ ನಡುವೆ ಕೂತು, ಅವ್ವನ ಕಾಲಿಗೆ ತೊಡಿಸೋಕೆ ಶುರು ಮಾಡ್ದ.

ಪೂಜಾರಿ ಗಂಟೆ ನಿಲ್ಲಿಸ್ದ. "ಏನ್ಲಾ ಇದು? ಅಮ್ಮನವರ ಮುಂದೆ ಚಪ್ಪಲಿನಾ?"

ಗವಿಯ ದೇವರ ಕಡೆ ತಿರುಗಿ ನೋಡ್ದ. "ಅಮ್ಮನವ್ರೂ ಬರಿಗಾಲಲ್ಲೇ ನಿಂತವ್ರಲ್ಲ ಸ್ವಾಮಿ. ಅವ್ರಿಗೂ ಒಂದು ಜೊತೆ ತರ್ಲಾ?"

ಅವ್ವ ಸೆರಗು ಮುಖಕ್ಕೆ ಮುಚ್ಕೊಂಡು ಮನೆಗೆ ಬಂದ್ಲು. ಚಪ್ಪಲಿ ತೆಗೆದು ಅಟ್ಟಕ್ಕೆ ಎಸೆದ್ಲು. "ನಿನ್ನ ಹೆರೋ ಬದ್ಲು ಒಂದು ಕಲ್ಲು ಹೆತ್ತಿದ್ರೆ ಬಟ್ಟೆ ಒಗೆಯೋಕಾದ್ರೂ ಆಗ್ತಿತ್ತು" ಅಂದ್ಲು. ಅಂದವಳೇ ಅವನಿಗೆ ಮುದ್ದೆ ಇಕ್ಕಿದ್ಲು, ತನ್ನದಕ್ಕಿಂತ ದೊಡ್ಡದು. ಮಾರನೇ ದಿನದಿಂದ ಮತ್ತೆ ಬರಿಗಾಲು.

ಶಕುಂತಲಕ್ಕ ಎಷ್ಟು ಹೇಳಿದ್ರೂ ಅವ್ವ ಚಪ್ಪಲಿ ಮುಟ್ಟಲಿಲ್ಲ. ಕೊನೆಗೆ ಗವಿಯನಿಗೇ ಹೇಳಿದ್ಲು, "ದಿನಾ ಬೆಳಿಗ್ಗೆ ಸಂಜೆ ಅವ್ವನ ಅಂಗಾಲು ನೋಡು. ಅವಳಿಗೆ ಬಗ್ಗೋಕಾಗಲ್ಲ. ನೋಡೋದೊಂದು ಮಾಡು ಸಾಕು, ನಿನಗೆ ಕೈ ಮುಗೀತೀನಿ, ಬೇರೇನೂ ಮಾಡಬೇಡ."

"ಆಯ್ತಕ್ಕ."

ನೋಡ್ದ. ಬೆಳಿಗ್ಗೆ ನೋಡ್ದ, ಸಂಜೆ ನೋಡ್ದ. ಹನ್ನೆರಡು ದಿನ ತಪ್ಪದಂಗೆ ನೋಡ್ದ. ಹದಿಮೂರನೇ ದಿನ ಶಕುಂತಲಕ್ಕ ಬಂದು ಅವ್ವನ ಬಲಗಾಲು ಎತ್ತಿದ್ರೆ, ಹೆಬ್ಬೆರಳ ಬುಡದಲ್ಲಿ ಕೀವು ತುಂಬಿದ ಹುಣ್ಣು.

"ಗವಿಯ, ನೋಡ್ಲಿಲ್ವೇನೋ ನೀನು?"

"ನೋಡ್ದೆ ಅಕ್ಕ. ಮೊದ್ಲು ಸಾಸಿವೆಯಷ್ಟಿತ್ತು. ಆಮೇಲೆ ಹುರುಳಿಯಷ್ಟಾಯ್ತು. ಆಮೇಲೆ ಅವರೆಕಾಳು. ಇವತ್ತು ಹುಣಸೆಬೀಜದಷ್ಟೈತೆ."

"ಹೇಳಬಾರದಾಗಿತ್ತಾ?"

"ನೋಡೋದೊಂದು ಮಾಡು, ಬೇರೇನೂ ಮಾಡಬೇಡ ಅಂತ ನೀನೇ ಅಂದಿದ್ದೆ."

ಶಕುಂತಲಕ್ಕ ಅಲ್ಲೇ ಕುಕ್ಕರಿಸಿದ್ಲು. ಅವತ್ತೇ ಅವ್ವನನ್ನ ತಾಲೂಕು ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಡಾಕ್ಟರು ಕಾಲು ನೋಡಿ, "ದಿನಾ ಬಂದು ಪಟ್ಟಿ ಕಟ್ಟಿಸ್ಕೊಳ್ಳಿ, ಪಥ್ಯ ಬಿಡಬೇಡಿ. ತಪ್ಪಿದ್ರೆ ಬೆರಳು ತೆಗೀಬೇಕಾಗುತ್ತೆ, ಆಮೇಲೆ ಪಾದದ ಮಾತು" ಅಂದ್ರು. ಅವ್ವ ಮಗನ ಮುಖ ನೋಡಿದ್ಲು. ಮಗ ನಗ್ತಾ ಇದ್ದ, ಆಸ್ಪತ್ರೆ ಫ್ಯಾನು ಚೆನ್ನಾಗಿ ತಿರುಗ್ತಿತ್ತು.

ದಾರೀಲಿ ಶಕುಂತಲಕ್ಕ ಅವನ ಕಿವಿ ಹಿಡಿದ್ಲು. "ಇನ್ಮೇಲೆ ಅವ್ವನದು ಏನು ಕಂಡ್ರೂ ಬಾಯಿ ಬಿಟ್ಟು ಹೇಳ್ಬೇಕು. ಎಲ್ಲಾರಿಗೂ ಕೇಳೋ ಹಂಗೆ ಹೇಳು."

"ಆಯ್ತಕ್ಕ."

ಎರಡು ದಿನ ಆಯ್ತು. ಅವ್ವ ಒಲೆ ಹಿಂದೆ ನಿಂತು ಒಂದು ಅಚ್ಚು ಬೆಲ್ಲ ಬಾಯಿಗೆ ಹಾಕ್ಕೊಂಡ್ಲು. ಗವಿಯ ಕಂಡ. ತಟ್ಟೆ ತಗೊಂಡು ಬೀದಿಗಿಳಿದು ಬಡೀತಾ ಸಾರ್ದ, "ಕೇಳ್ರಪ್ಪೋ, ನಮ್ಮವ್ವ ಬೆಲ್ಲ ತಿಂದ್ಲು! ಇನ್ನೂ ನುಂಗಿಲ್ಲ, ದವಡೇಲೈತೆ!"

ಅವ್ವ ಕದ ಹಾಕ್ಕೊಂಡು ಕೂತ್ಲು. ಅವತ್ತಿಂದ ಬೀದಿಗೆ ಬೀದಿಯೇ ಕಾವಲಾಯ್ತು. "ಇವತ್ತು ಪಟ್ಟಿ ಕಟ್ಟಿಸಿದ್ಯಾ ಸಣ್ತಾಯವ್ವ?" ಅಂತ ಒಬ್ಳು ಕೇಳೋದು, "ಮಾತ್ರೆ ನುಂಗಿದ್ಯಾ?" ಅಂತ ಇನ್ನೊಬ್ಳು ಕೇಳೋದು. ಅವ್ವನಿಗೆ ತಪ್ಪಿಸ್ಕೊಳ್ಳೋಕೆ ಸಂದಿಯೇ ಇರಲಿಲ್ಲ. ಎರಡು ತಿಂಗಳಿಗೆ ಹುಣ್ಣು ಮಾಯ್ತು.

"ಬೆರಳು ಉಳೀತು" ಅಂದ್ರು ಡಾಕ್ಟರು. "ಏನಪ್ಪ ಮಗನೇ, ಇನ್ಮೇಲೆ ಈ ಕಾಲನ್ನ ಹಸುಗೂಸಿನ ಹಂಗೆ ನೋಡ್ಕೊ."

ಅಯ್ಯೋ ಡಾಕ್ಟರೇ, ಯಾರಿಗೆ ಏನು ಹೇಳಿದ್ರಿ!

"ಆಯ್ತು ಸಾರ್" ಅಂದ ಗವಿಯ.

ಮನೆಗೆ ಬಂದವನೇ ನೀರು ಕಾಯಿಸ್ದ, ಮೊಣಕೈ ಅದ್ದಿ ಬಿಸಿ ನೋಡ್ದ. ಕಾಲು ತೊಳೆದ, ಬೆರಳ ಸಂದಿ ಸಂದಿ ಒರೆಸ್ದ, ಸಾಂಬ್ರಾಣಿ ಹೊಗೆ ಹಿಡ್ದ, ಹಿಮ್ಮಡಿಗೆ ದೃಷ್ಟಿಬೊಟ್ಟು ಇಟ್ಟ. ಹಳೇ ಸೀರೆ ತಗೊಂಡು ತೊಲೆಗೆ ಜೋಲಿ ಕಟ್ಟಿ, ಅವ್ವನ ಬಲಗಾಲು ಅದರೊಳಗೆ ಮಲಗಿಸ್ದ. ಆಮೇಲೆ ಮನೆ ಮನೆಗೆ ಹೋದ.

"ಸಂಜೆ ಕೂಸನ್ನ ತೊಟ್ಟಿಲಿಗೆ ಹಾಕ್ತೀವಿ, ಬನ್ನಿ."

"ಯಾರ ಕೂಸೋ?"

"ನಮ್ಮವ್ವಂದು."

ಗಂಡ ಸತ್ತು ಇಪ್ಪತ್ತು ವರ್ಷ ಆದೋಳ ಮನೇಲಿ ತೊಟ್ಟಿಲು! ಒಲೆ ಮೇಲಿದ್ದ ಸಾರು ಹಂಗೇ ಬಿಟ್ಟು ಹೆಂಗಸರೆಲ್ಲ ಓಡಿಬಂದ್ರು. ನೋಡಿದ್ರೆ ಜೋಲಿ ಒಳಗೆ ಒಂದು ಕಾಲು. ಗವಿಯ ಅದರ ಕಿವಿ ಹುಡುಕ್ತಾ ಇದ್ದ. ಸಿಗಲಿಲ್ಲ. ಕಿರುಬೆರಳಿಗೆ ಬಾಯಿಟ್ಟು ಮೂರು ಸಲ ಮೆಲ್ಲಗೆ ಹೆಸರು ಹೇಳ್ದ.

ಹೆಂಗಸರು ಹೊಟ್ಟೆ ಹಿಡ್ಕೊಂಡು ನಕ್ರು. "ಏನು ಹೆಸರಿಟ್ಟೆಯೋ?"

"ಅನ್ನಪೂರ್ಣೆ" ಅಂದ ಗವಿಯ. "ಇದು ನಡೆದ್ರೆ ತಾನೆ ನಂಗೆ ಮುದ್ದೆ."

ನಗು ಹಂಗೇ ನಿಂತುಹೋಯ್ತು. ಅವ್ವ ಚಾಪೆ ಮೇಲೆ ಮಲಗಿದ್ದಂಗೇ ಬಿಕ್ಕಿ ಬಿಕ್ಕಿ ಅತ್ಲು. ಕೈ ಚಾಚಿ ಮಗನ ತಲೆ ಸವರಿದ್ಲು.

ಶಕುಂತಲಕ್ಕ ಗುಗ್ಗರಿ ಹಂಚ್ತಾ ಇದ್ದೋಳು ಸಮಯ ಬಿಡ್ತಾಳಾ? ಮೂರು ಸಲ ಕರೆದ್ರೂ ಸಕ್ಕರೆ ಕಾಯಿಲೆ ತಪಾಸಣೆಗೆ ಒಬ್ಬಳೂ ಬಂದಿರಲಿಲ್ಲ. "ಬಂದಿದ್ದೀರಲ್ಲ, ನಿಮ್ಮ ಕೂಸುಗಳನ್ನೂ ತೋರ್ಸಿ" ಅಂದ್ಲು. ನಾಚ್ಕೊಂಡು ಎಲ್ಲಾರೂ ಅಂಗಾಲು ಎತ್ತಿದ್ರು. ಇಬ್ಬರ ಕಾಲಲ್ಲಿ ಹುರುಳಿಕಾಳಷ್ಟು ಗಾಯ ಇತ್ತು. ಅವರಿಗೇ ಗೊತ್ತಿರಲಿಲ್ಲ.

ಕಾಲು ಜೋಲೀಲೇ ಇದ್ದಂಗೆ ಬೆಳಗಾಯ್ತು. ಅವ್ವ ತಾನಾಗೇ ಅಟ್ಟದಿಂದ ಚಪ್ಪಲಿ ಇಳಿಸೋಕೆ ಹೇಳಿದ್ಲು. ಮಂಕರಿ ಎಳ್ಕೊಂಡ್ಲು, ಜೋಲಿಯಿಂದ ಕಾಲು ತೆಗೆಯೋಕೆ ಹೋದ್ಲು. ಗವಿಯ ಬಾಯಿ ಮೇಲೆ ಬೆರಳಿಟ್ಕೊಂಡು ಅಡ್ಡ ಬಂದ.

"ಶ್, ಕೂಸು ಈಗ ತಾನೇ ಮಲಗೈತೆ, ಎಬ್ಬಿಸಬೇಡವ್ವ. ಇವತ್ತೊಂದಿನ ಆ ಎಡಗಾಲು ಕರ್ಕೊಂಡು ಹೋಗಿ ಸೊಪ್ಪು ಮಾರ್ಕೊಂಡು ಬಾ."

ಅಲ್ಲಿಗೆ ಅವರ ಮನೇಲಿ ಕೂಸು ಮಲಗ್ತು, ಇಲ್ಲಿಗೆ ನನ್ನ ಕತೆ ಮಲಗ್ತು. ನೀವು ನಿಮ್ಮ ಅಂಗಾಲು ನೋಡ್ಕೊಂಡು ಏಳಿ.