ಹಿಂಬದಿಗೆ ಲಂಗರು ಬಿಟ್ಟ ದೋಣಿ

ದ್ವೀಪರಾಜ್ಯದ ನೌಕಾಪಡೆಯಲ್ಲಿ ಆಡುಗಳ ದಂಡನ್ನು ದಡಕ್ಕಿಳಿಸುತ್ತಿದ್ದ ಹಳೆಯ ದೋಣಿಯ ತಳ ತುಕ್ಕು ಹಿಡಿಯಿತು. ಅದರ ಜಾಗಕ್ಕೆ ಹೊಸದನ್ನು ಆರಿಸಲು ನೌಕಾಧಿಪತಿ ಹದ್ದು ಎರಡು ದೋಣಿಗಳನ್ನು ಕರೆಸಿತು. ಒಂದೊಂದರಲ್ಲೂ ಹತ್ತು ಆಡುಗಳು ಹತ್ತಿದವು.

"ಮರಳ ಮೇಲೆ ಆಡುಗಳನ್ನು ಮೊದಲು ಇಳಿಸಿದ ದೋಣಿಗೆ ಕೆಲಸ," ಎಂದಿತು ಹದ್ದು.

ಚೂಪು ಮೂತಿಯ ದೋಣಿ ನೀರು ಸೀಳಿಕೊಂಡು ಹೋಗಿ ಮರಳಿಗೆ ನುಗ್ಗಿತು. ಆಡುಗಳು ಗೊರಸು ನೆನೆಯದಂತೆ ಇಳಿದವು. ಚಪ್ಪಟೆ ತಳದ ದೋಣಿ ಮಾತ್ರ ದಡಕ್ಕೆ ನೂರು ಮಾರು ಇರುವಾಗಲೇ ಹಿಂಬದಿಯಿಂದ ಲಂಗರು ಇಳಿಬಿಟ್ಟು, ಅದರ ಹಗ್ಗ ಸಡಿಲಿಸುತ್ತ ನಿಧಾನವಾಗಿ ಬಂತು. ಅದು ಆಡುಗಳನ್ನು ಇಳಿಸುವಷ್ಟರಲ್ಲಿ ಹದ್ದು ಕೊಕ್ಕು ಮಸೆದು ಮುಗಿಸಿತ್ತು.

"ದಡ ಮುಟ್ಟುವ ಮೊದಲೇ ಲಂಗರು ಹಾಕುವುದು ಹೇಡಿತನ. ಚೂಪು ಮೂತಿಯದೇ ಆಯ್ಕೆ."

"ಒಡೆಯರೇ, ಪರೀಕ್ಷೆ ಅರ್ಧವಷ್ಟೇ ಆಗಿದೆ. ಎರಡನ್ನೂ ವಾಪಸು ಬರಹೇಳಿ," ಎಂದಿತು ಹಳೆಯ ದೋಣಿ.

ಆಡುಗಳು ಮತ್ತೆ ಹತ್ತಿದವು. ಅಷ್ಟರಲ್ಲಿ ಕಡಲು ಇಳಿಯತೊಡಗಿತ್ತು. ಚೂಪು ಮೂತಿಯ ದೋಣಿ ಮರಳಲ್ಲಿ ಹೂತು, ಇಂಜಿನ್ ಎಷ್ಟು ಮೊರೆದರೂ ಅಲುಗಲಿಲ್ಲ. ಚಪ್ಪಟೆ ತಳದ್ದು ಲಂಗರಿನ ಹಗ್ಗ ಸುತ್ತಿಕೊಳ್ಳುತ್ತ, ತನ್ನನ್ನು ತಾನೇ ಹಿಂದಕ್ಕೆಳೆದುಕೊಂಡು ನೀರಿಗೆ ಜಾರಿತು.

"ಹಿಂದಿರುಗಬೇಕೆಂದು ತಾವು ಹೇಳಿರಲಿಲ್ಲ," ಎಂದು ಚೂಪು ಮೂತಿಯ ದೋಣಿ ಗೊಣಗಿತು.

"ನಿಜ. ನನಗೆ ಅದು ಹೊಳೆಯಲೇ ಇಲ್ಲ," ಎಂದಿತು ಹದ್ದು.

ಹೂತ ದೋಣಿಯಲ್ಲಿ ನಿಂತಿದ್ದ ಆಡುಗಳ ದಳಪತಿ ತಲೆಯೆತ್ತಿ ಹೇಳಿತು: "ಹೊಳೆಯುವುದಾದರೂ ಹೇಗೆ, ಒಡೆಯರೇ? ತಮಗೆ ರೆಕ್ಕೆ ಇದೆ."