ಓಬಳಜ್ಜನ ಕುಡಿಕೆ

ನಂಬಲ್ಲ ಅಂತೀರಾ? ಹಾಗಿದ್ದರೆ ನಮ್ಮ ಗುಂಡಕಟ್ಟೆ ಕೆರೆ ಏರಿ ಮೇಲೆ ನಿಂತು ಆ ಮಾತು ಹೇಳಿ, ನೋಡೋಣ. ಸುತ್ತ ಯಾವ ಊರಲ್ಲೂ ಇಂಥ ಕೆರೆಯಿಲ್ಲ, ಓಬಳಜ್ಜನಂಥ ನೀರಗಂಟಿಯೂ ಹುಟ್ಟಿಲ್ಲ.

ಬಹಳ ಹಿಂದೆ, ನಮ್ಮಜ್ಜನ ಅಜ್ಜನಿಗೂ ಅಜ್ಜ ಇದ್ದ ಕಾಲ. ಗದ್ದೆಗಳಿಗೆ ನೀರು ಬಿಡೋಕೆ ನಾಲ್ವರು ನೀರಗಂಟಿಗಳು, ಅವರಲ್ಲಿ ಹಿರಿಯ ಓಬಳಜ್ಜ. ಏರಿಗೆ ಕಿವಿಯಿಟ್ಟರೆ ಕೆರೆಯಲ್ಲಿ ಎಷ್ಟಾಳು ನೀರಿದೆ ಅಂತ ಹೇಳುತ್ತಿದ್ದನಂತೆ. ಅವನು ಗದರಿದರೆ ಕೋಡಿ ಬೀಳೋ ನೀರೂ ನಿಲ್ಲುತ್ತಿತ್ತಂತೆ. ಹೆಂಡತಿಯಿಲ್ಲ, ಮಕ್ಕಳಿಲ್ಲ, ಕೆರೆಯೇ ಸಂಸಾರ.

ಆಗ ತೂಬಿನ ಪಕ್ಕ ಒಂದೇ ಕಲ್ಲು. ತೂಬು ಎತ್ತಿದವನು ಅದರ ಮೇಲೆ ಸುಣ್ಣದ ಗೀಟು ಎಳೀಬೇಕು, ಮುಚ್ಚಿದಾಗ ಅದಕ್ಕೆ ಅಡ್ಡ ಹೊಡೀಬೇಕು. ನಾಲ್ವರ ಗೀಟೂ ಒಂದರ ಮೇಲೊಂದು. ಒಂದು ಬೆಳಗ್ಗೆ ನೋಡಿದರೆ ತೂಬು ಬಾಯಿಬಿಟ್ಟುಕೊಂಡಿದೆ, ಅರ್ಧ ಕೆರೆ ಹಳ್ಳದ ಪಾಲಾಗಿದೆ, ಕಲ್ಲಿನ ಮೇಲೆ ಒಂದು ಗೀಟಿಗೆ ಅಡ್ಡ ಬಿದ್ದಿಲ್ಲ. ಯಾರದು? ಎಲ್ಲರ ಬೆರಳೂ ದುಗ್ಗನ ಕಡೆ. ಅವನೂ ನೀರಗಂಟಿಯೇ, ಆದರೆ ಹೊರಗಿಂದ ಬಂದವನು. ಪರವಾಗಿ ಮಾತಾಡೋಕೆ ನೆಂಟರಿಲ್ಲ, ಹೆಂಡತಿ ತುಂಬಿದ ಬಸುರಿ. ಊರು ಬಿಡಿಸೋದೇ ಸರಿ ಅಂದರು ಗೌಡರು.

ಓಬಳಜ್ಜ ಒಪ್ಪಲಿಲ್ಲ. ತೂಬು ತೆರೆದಿತ್ತು ಅಂತ ಕಲ್ಲು ಹೇಳುತ್ತೆ, ಯಾರ ಕೈ ಅಂತ ಹೇಳಲ್ಲವಲ್ಲ ಅಂದನಂತೆ. ಕೆರೆ ಮತ್ತೆ ತುಂಬೋವರೆಗೆ ಗಡುವು ಕೇಳಿದ. ಕುಂಬಾರರ ಮನೆಯಿಂದ ಕುಡಿಕೆಗಳನ್ನ ತಂದು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟ. ತೂಬು ಎತ್ತಿದರೆ ನಿನ್ನ ಕುಡಿಕೆಗೆ ಒಂದು ಹರಳುಕಲ್ಲು, ಮುಚ್ಚಿದರೆ ಒಂದು ಹುಣಿಸೆಬೀಜ. ಇನ್ನೊಬ್ಬನ ಕುಡಿಕೆ ಮುಟ್ಟೋ ಹಾಗಿಲ್ಲ. ಅಜ್ಜನಿಗೆ ಚೌಕಾಬಾರ ಆಡೋ ವಯಸ್ಸು ತಿರುಗಿ ಬಂತು ಅಂತ ಹೆಂಗಸರು ನಕ್ಕರಂತೆ. ಅವನಿಗೂ ಒಂದು ಕುಡಿಕೆ ಇರಲಿ ಅಂತ ಯಾರೂ ಕೇಳಿರಲಿಲ್ಲ. ತಾನೇ ಇಟ್ಟ. ನನ್ನ ನೋಡಿ ಹುಡುಗರು ಕಲೀಲಿ ಅನ್ನೋ ಜಂಬ.

ಮಳೆ ಬಂತು, ಕೆರೆ ತುಂಬಿತು, ದುಗ್ಗನ ಕೂಸು ತೆವಳೋಕೆ ಶುರು ಮಾಡಿತು. ಇನ್ನೊಂದು ಬೆಳಗ್ಗೆ ಮತ್ತೆ ತೂಬು ತೆರೆದೇ ಇತ್ತು. ದುಗ್ಗನ ಹೆಂಡತಿ ಯಾರ ಮಾತಿಗೂ ಕಾಯದೆ ಗಂಟುಮೂಟೆ ಕಟ್ಟಿದಳಂತೆ.

ಊರೆಲ್ಲ ಏರಿ ಮೇಲೆ ಸೇರಿತು. ದುಗ್ಗನ ಕುಡಿಕೆ ಸುರಿದರು: ಕಲ್ಲಿಗೆ ಬೀಜ ಸಮ. ಮಿಕ್ಕಿಬ್ಬರದೂ ಸಮ. ಓಬಳಜ್ಜನದು ಸುರಿಯೋದು ಬೇಡ ಅಂದರು ಗೌಡರು. ನಮ್ಮೂರಿನವನ ಗುಂಡಿಗೆ ಎಂಥದು ಅಂತ ಇಲ್ಲಿ ನೋಡಿ. ತಾನೇ ಬೋರಲು ಹಾಕಿದ. ಒಂದು ಬೀಜ ಕಮ್ಮಿ. ಬಾಚಿಕೊಂಡು ಮತ್ತೆ ಜೋಡಿಸಿದ. ಕಮ್ಮಿಯೇ. ಖಾಲಿ ಕುಡಿಕೆ ಗೌಡರ ಮುಂದೆ ಸರಿಸಿದನಂತೆ.

"ಕೈ ನನ್ನದೇ ಗೌಡ್ರೇ. ವಯಸ್ಸಾಯ್ತು, ಮರೀತೀನಿ. ಹೋದ ಸಲದ್ದೂ ನಂದೇ ಇರಬೇಕು. ದುಗ್ಗನ ಹೆಂಡ್ತಿಗೆ ಗಂಟು ಬಿಚ್ಚೋಕೆ ಹೇಳಿ."

ಹಿರಿತನ ಅಲ್ಲೇ ಬಿಟ್ಟು ಎದ್ದ.

ಈಗಲೂ ನಮ್ಮೂರಲ್ಲಿ ನೀರಗಂಟಿಗಳಿಗೆ ಒಬ್ಬೊಬ್ಬರಿಗೆ ಒಂದೊಂದು ಕುಡಿಕೆ. ಸುರಿಯೋವಾಗ ಹಿರಿಯನದನ್ನೇ ಮೊದಲು ಸುರೀತಾರೆ. ಊರವರು ಓಬಳಜ್ಜನಿಗೆ ಬಂಗಾರದ ಕಡಗ ತೊಡಿಸಿದರು ಅಂತ ಕೆಲವರು ಹೇಳ್ತಾರೆ. ಅದು ಸುಳ್ಳು. ಅವನಿಗೆ ಸಿಕ್ಕಿದ್ದು ದುಗ್ಗನ ಮನೆಯಲ್ಲಿ, ಸಾಯೋವರೆಗೂ, ಎರಡು ಹೊತ್ತು ಮುದ್ದೆ.