ಏನೂ ಆಗುವುದಿಲ್ಲ ಎಂದ ವೈದ್ಯೆ

"ಗುರುಗಳೇ, ಜನರ ಭಯವನ್ನು ಹೋಗಲಾಡಿಸುವುದು ಹೇಗೆ?" ಎಂದು ಶ್ರೀಶೈಲ ಕೇಳಿದ.

ಶ್ರೀಶೈಲ ಆರೋಗ್ಯ ವಿಶ್ವವಿದ್ಯಾಲಯದಲ್ಲಿ ಸಂಶೋಧಕನಾಗಿದ್ದ. ಅವನ ತಂಡ ಕಂಡುಹಿಡಿದ ಔಷಧವನ್ನು ಮೊದಲ ಬಾರಿಗೆ ಮನುಷ್ಯರಿಗೆ ಕೊಟ್ಟು ನೋಡುವ ಕಾಲ ಬಂದಿತ್ತು. ಪ್ರಯೋಗಕ್ಕೆ ಒಪ್ಪಿದವರು ಬರುತ್ತಿದ್ದರು, ಬೆಂಚಿನ ಮೇಲೆ ಕೂರುತ್ತಿದ್ದರು, ಹೆಸರು ಕೂಗುವಷ್ಟರಲ್ಲಿ ಎದ್ದು ಹೋಗುತ್ತಿದ್ದರು. ಅದಕ್ಕೇ ಅವನು ಮಠಪತಿ ಗುರುಗಳನ್ನು ಹುಡುಕಿಕೊಂಡು ಬಂದಿದ್ದ. ಗುರುಗಳು ಅದೇ ಆವರಣದಲ್ಲಿ ಒಂದು ತಲೆಮಾರಿನ ವೈದ್ಯರಿಗೆ ಪಾಠ ಹೇಳಿ ನಿವೃತ್ತರಾದವರು. ಈಗಲೂ ಬೆಳಿಗ್ಗೆ ಗ್ರಂಥಾಲಯಕ್ಕೆ ಬಂದು ಕೂರುತ್ತಿದ್ದರು.

"ಔಷಧ ಒಳ್ಳೆಯದು. ಎಲ್ಲವೂ ನಿಯಮದಂತೆ ನಡೆದಿದೆ. ಆದರೂ ಜನ ಹೆದರುತ್ತಾರೆ. ಅವರಿಗೆ ಧೈರ್ಯ ತುಂಬುವ ಮಾತೊಂದನ್ನು ಕಲಿಸಿಕೊಡಿ" ಎಂದ ಶ್ರೀಶೈಲ.

ಗುರುಗಳು ಕನ್ನಡಕ ತೆಗೆದಿಟ್ಟರು. ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಇಂಥದೇ ಒಂದು ವಿದ್ಯಾಲಯವಿತ್ತು. ಅಲ್ಲಿ ಒಬ್ಬ ವೈದ್ಯೆ ಇದ್ದಳು. ಆ ಸೀಮೆಗೆ ಪ್ರತಿ ವರ್ಷ ಒಂದು ಜ್ವರ ಬರುತ್ತಿತ್ತು. ಬಂದಾಗಲೆಲ್ಲ ಕೆಲವರನ್ನು ಕರೆದುಕೊಂಡೇ ಹೋಗುತ್ತಿತ್ತು. ವೈದ್ಯೆ ಆ ಜ್ವರಕ್ಕೆ ಲಸಿಕೆ ಕಂಡುಹಿಡಿಯಲು ಹೊರಟಳು. ಅವಳ ಯೌವನವೆಲ್ಲ ಪ್ರಯೋಗಾಲಯದಲ್ಲೇ ಕಳೆಯಿತು. ಕೊನೆಗೆ ಲಸಿಕೆ ಸಿದ್ಧವಾಯಿತು. ಮೊದಲು ಮೊಲಗಳಿಗೆ ಕೊಟ್ಟಳು. ಮೊಲಗಳು ಚೆನ್ನಾಗಿಯೇ ಇದ್ದವು. ಒಂದು ಮೊಲ ಮಾತ್ರ ಹಿಂಗಾಲು ಎಳೆಯತೊಡಗಿತು. ಹಿರಿಯರು ಕೂತು ನೋಡಿದರು. ಅದಕ್ಕೆ ಬೇರೆ ಏನೋ ರೋಗ ತಗಲಿರಬೇಕು ಎಂದರು. ವೈದ್ಯೆಗೂ ಅದೇ ಸರಿ ಎನ್ನಿಸಿತು. ಹಾಗೆ ಎನ್ನಿಸಲಿ ಎಂದು ಅವಳೂ ಬಯಸಿದ್ದಳು.

ಮನುಷ್ಯರಿಗೆ ಕೊಡುವ ದಿನ ಬಂತು. ಜನ ಸೇರಿದರು. ವೈದ್ಯೆ ಎಲ್ಲರ ಮುಂದೆ ನಿಂತು ಒಪ್ಪಿಗೆಯ ಪತ್ರವನ್ನು ಓದಿ ಹೇಳಿದಳು. ಆಗಬಹುದಾದ ತೊಂದರೆಗಳೆಲ್ಲ ಅದರಲ್ಲಿದ್ದವು. ಪೂಜೆಯ ಮಂತ್ರ ಕೇಳುವ ಹಾಗೆ ಜನ ತಲೆಯಾಡಿಸುತ್ತ ಕೇಳಿದರು. ಯಾರ ಕಿವಿಗೂ ಅದು ಇಳಿಯಲಿಲ್ಲ.

ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು. ವಿದ್ಯಾಲಯದ ಬಾಗಿಲ ಎದುರಿನ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು. ಅಲ್ಲಿನ ವಿದ್ಯಾರ್ಥಿಗಳೆಲ್ಲ ಅವಳ ಕೈಯ ರೊಟ್ಟಿ ತಿಂದವರೇ, ವೈದ್ಯೆಯೂ ತಿಂದವಳೇ. ಹೆಂಗಸಿನ ಅಣ್ಣ ಅದೇ ಜ್ವರದಿಂದ ತೀರಿಕೊಂಡಿದ್ದ. ಅದಕ್ಕೇ ಅವಳು ಬಂದಿದ್ದಳು. ಬಂದಿದ್ದಳು ನಿಜ, ಆದರೆ ಕೈ ಸುಮ್ಮನಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವಳು, ಬಿಚ್ಚುವಳು. ಹಿಂದಿನ ಸಾಲುಗಳು ಅವಳನ್ನೇ ನೋಡುತ್ತಿದ್ದವು. ಅವಳು ಎದ್ದು ಹೋದರೆ ಅರ್ಧ ಕೋಣೆ ಖಾಲಿಯಾಗುತ್ತದೆ ಎಂದು ವೈದ್ಯೆಗೆ ಅರ್ಥವಾಯಿತು.

ಹೆಂಗಸು ಕೇಳಿದಳು, "ಬಾಯಾರ, ಇದರಿಂದ ನನಗ ಏನರ ಆಗತೈತೇನ್ರಿ?"

ವೈದ್ಯೆಯ ಕಣ್ಣ ಮುಂದೆ ಹಿಂಗಾಲು ಎಳೆಯುವ ಮೊಲ ಒಮ್ಮೆ ಹಾದುಹೋಯಿತು. ಅವಳು ಅದನ್ನು ಬದಿಗೆ ಸರಿಸಿದಳು. ಹೆಂಗಸಿನ ಕೈ ಹಿಡಿದುಕೊಂಡು ನಕ್ಕಳು.

"ಏನೂ ಆಗೂದಿಲ್ಲ ಅಕ್ಕಾರ. ನಾ ಅದೀನಲ್ಲ."

ಹೆಂಗಸಿನ ಮುಖ ಅರಳಿತು. ಸೆರಗು ಬಿಟ್ಟು ತೋಳು ಚಾಚಿದಳು. ಅವಳ ಹಿಂದೆ ಇಡೀ ಸಾಲು ತೋಳು ಚಾಚಿತು. ಅಂದು ಒಬ್ಬರೂ ಎದ್ದು ಹೋಗಲಿಲ್ಲ. ಜನರನ್ನು ಒಲಿಸುವುದು ನಿಮ್ಮಿಂದ ಕಲಿಯಬೇಕು ಎಂದು ಜೊತೆಯವರು ವೈದ್ಯೆಯನ್ನು ಹೊಗಳಿದರು.

ಕೆಲವು ದಿನ ಕಳೆದವು. ಒಂದು ಬೆಳಿಗ್ಗೆ ಖಾನಾವಳಿಯವರು ಆ ಹೆಂಗಸನ್ನು ಕುರ್ಚಿಯ ಮೇಲೆ ಕೂರಿಸಿ, ಹೊತ್ತುಕೊಂಡು ಆಸ್ಪತ್ರೆಗೆ ಬಂದರು. ಒಲೆಯ ಮುಂದಿನಿಂದ ಏಳಲು ಹೋಗಿ ಬಿದ್ದಳಂತೆ. ವೈದ್ಯೆ ಓಡಿ ಬಂದಳು. ಸಣ್ಣ ಸುತ್ತಿಗೆಯಿಂದ ಹೆಂಗಸಿನ ಮೊಣಕಾಲಿಗೆ ತಟ್ಟಿದಳು. ಕಾಲು ಅಲುಗಲಿಲ್ಲ. ಮತ್ತೆ ತಟ್ಟಿದಳು. ಆ ಕಾಲು ಯಾರದೋ ಎನ್ನುವ ಹಾಗೆ ಸುಮ್ಮನಿತ್ತು. ಕೈಬೆರಳು ಮಡಚಲು ಹೇಳಿದಳು. ಬೆರಳು ಅರ್ಧಕ್ಕೇ ನಿಂತವು.

ಇದು ಯಾವ ರೋಗವೆಂದು ವೈದ್ಯೆಗೆ ಗೊತ್ತಿತ್ತು. ದೇಹ ತನ್ನ ನರಗಳನ್ನು ತಾನೇ ಸುಡುವ ರೋಗ. ಅದು ಪಾದದಿಂದ ಹೊರಟು ಮೇಲೆ ಹತ್ತುತ್ತದೆ. ಎದೆಗೆ ಬಂದರೆ ಉಸಿರು ನಿಲ್ಲುತ್ತದೆ. ಪಾದದಲ್ಲಿ ಇದ್ದಾಗಲೇ ಸಿಕ್ಕಿದರೆ ತಡೆಯಲು ಮದ್ದಿದೆ. ತಡವಾದಷ್ಟೂ ಮದ್ದಿನ ಕೈ ಕಟ್ಟಿಹೋಗುತ್ತದೆ.

"ಇದು ಯಾವಾಗ ಶುರು ಆತ್ರಿ ಅಕ್ಕಾರ?"

"ಭಾಳ ದಿನ ಆತ್ರಿ. ಮೊದಲ ಅಂಗಾಲಿಗೆ ಜೋಮು ಹಿಡೀತು. ಹತ್ತಿ ಮ್ಯಾಲ ನಡದಂಗ ಆಗತಿತ್ತು." ರೋಗ ಗಂಟಲಿಗೂ ತಟ್ಟಿ, ಅವಳ ದನಿ ಆಗಲೇ ಮೂಗಿನಿಂದ ಬರುತ್ತಿತ್ತು.

"ಅವತ್ತ ಯಾಕ ಬರಲಿಲ್ಲ?"

ಹೆಂಗಸು ಆಶ್ಚರ್ಯದಿಂದ ವೈದ್ಯೆಯನ್ನು ನೋಡಿದಳು.

"ಏನೂ ಆಗೂದಿಲ್ಲ ಅಂದಿದ್ರಲ್ರಿ ನೀವು. ಒಲಿ ಮುಂದ ಕುಂತು ಕುಂತು ಹಿಂಗಾಗೈತಿ ಅಂತ ತಿಳದೆ. ನಿಮಗ್ಯಾಕ ತ್ರಾಸ ಕೊಡೂದು ಅಂತ ಸುಮ್ಮನಿದ್ದೆ."

ಸೂಜಿ ಚುಚ್ಚಿಸಿಕೊಂಡ ಉಳಿದವರೆಲ್ಲ ವೈದ್ಯೆಗೆ ನೆನಪಾದರು. ಊರ ತುಂಬ ಚದುರಿಹೋಗಿದ್ದರು. ಎಲ್ಲರೂ ಅವಳ ಅದೇ ಮಾತು ಕೇಳಿ ತೋಳು ಚಾಚಿದ್ದರು. ಆ ಮಾತು ಈಗ ಯಾವ ಯಾವ ಮನೆಯಲ್ಲಿ, ಯಾರ ಕಾಲಿನ ಜೋಮನ್ನು ಮುಚ್ಚಿಕೊಂಡು ಕೂತಿದೆಯೋ ಎಂದು ಅವಳಿಗೆ ಭಯವಾಯಿತು.

ಹೆಂಗಸಿಗೆ ಮದ್ದು ಶುರು ಮಾಡಿಸಿದಳು. ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿದಳು. ಫೋನು ಮಾಡಿದರೆ ಎಲ್ಲರೂ "ಆರಾಮ ಅದೀವ್ರಿ" ಎನ್ನುತ್ತಿದ್ದರು. ಅವಳಿಗೆ ನಂಬಿಕೆ ಬರಲಿಲ್ಲ. ತಾನೇ ಮನೆ ಮನೆಗೆ ಹೊರಟಳು.

ಮೊದಲು ಒಬ್ಬ ಕಂಡಕ್ಟರನ ಮನೆಗೆ ಹೋದಳು. ಅವನು ಚಹಾ ಕುಡಿಯಿರಿ ಎಂದ. ಅವಳು ಅವನನ್ನು ನಿಲ್ಲಿಸಿ ಹಿಮ್ಮಡಿಯ ಮೇಲೆ ನಡೆಸಿದಳು. ಅವನು ನಡೆದ. ಅವನ ಹೆಂಡತಿ ಬಾಗಿಲಲ್ಲಿ ನಿಂತು ನಕ್ಕಳು. ಆಮೇಲೆ ಒಬ್ಬಳು ಹೊಲಿಗೆಯವಳ ಮನೆ. "ಕಾಲಿಗೆ ಏನರ ಅನಿಸಿದ್ರ ಕೂಡಲೇ ಬರ್ರಿ, ಇದರಿಂದ ಜೀವಕ್ಕ ಅಪಾಯ ಐತಿ" ಎಂದಳು ವೈದ್ಯೆ. ಹೊಲಿಗೆಯವಳು ಯಂತ್ರ ನಿಲ್ಲಿಸಲೂ ಇಲ್ಲ. ವೈದ್ಯೆಯ ಬೆವರಿದ ಮುಖ ನೋಡಿ ಅವಳಿಗೇ ಕನಿಕರ ಬಂತು.

"ಅಷ್ಟ್ಯಾಕ ಗಾಬರಿ ಆಗತೀರಿ ಬಾಯಾರ? ಏನೂ ಆಗೂದಿಲ್ಲ ತಗೋರಿ" ಎಂದಳು.

ತನ್ನದೇ ಮಾತು ಬೇರೊಬ್ಬರ ಬಾಯಿಂದ ತನಗೇ ಸಮಾಧಾನ ಹೇಳುವುದನ್ನು ವೈದ್ಯೆ ಕೇಳಿದಳು. ಇಡೀ ಊರಿನಲ್ಲಿ ಹೆದರಿದವಳು ತಾನೊಬ್ಬಳೇ ಎಂದು ಆಗ ತಿಳಿಯಿತು. ಎಷ್ಟು ಬಿಡಿಸಿ ಹೇಳಿದರೂ ಯಾರೂ ಹೆದರಲು ಒಪ್ಪುತ್ತಿರಲಿಲ್ಲ. ಅಷ್ಟು ಚೆನ್ನಾಗಿ ಅವಳು ಧೈರ್ಯ ತುಂಬಿದ್ದಳು.

ಮಧ್ಯಾಹ್ನದ ಬಿಸಿಲಿನಲ್ಲಿ ಗಾರೆ ಕೆಲಸದ ಒಬ್ಬ ಗೌಂಡಿಯನ್ನು ಹುಡುಕಿಕೊಂಡು ಹೋದಳು. ಊರ ಹೊರಗೆ ಕಟ್ಟಡವೊಂದು ಏಳುತ್ತಿತ್ತು. ಗೌಂಡಿ ಬಿದಿರಿನ ಅಟ್ಟಣಿಗೆಯ ಮೇಲೆ, ಎತ್ತರದಲ್ಲಿ, ಗೋಡೆಗೆ ಗಿಲಾವು ಮಾಡುತ್ತಿದ್ದ. ಅವಳನ್ನು ಕಂಡು ಮೇಲಿಂದಲೇ ಕೈಯೆತ್ತಿ ನಮಸ್ಕಾರ ಮಾಡಿದ.

"ಏನೂ ಆಗಿಲ್ರಿ ಬಾಯಾರ! ಬೇಷ್ ಅದೀನ್ರಿ!"

ಅವನು ಒಂದು ಕಾಲನ್ನು ಊರಿ, ಇನ್ನೊಂದನ್ನು ಎತ್ತಿ ಎತ್ತಿ ಇಡುತ್ತಿದ್ದ. ಹಲಗೆ ಎಲ್ಲಿದೆಯೆಂದು ಪಾದಕ್ಕೆ ಗೊತ್ತಾಗದವನ ಹಾಗೆ ಕಣ್ಣಿನಿಂದ ನೋಡಿ ಇಡುತ್ತಿದ್ದ. ವೈದ್ಯೆಗೆ ಕೂಗಬೇಕೆನಿಸಿತು. ಕೂಗಿದರೆ ಬೆಚ್ಚುತ್ತಾನೆ, ಬೆಚ್ಚಿದರೆ ಬೀಳುತ್ತಾನೆ. ಸುಮ್ಮನಿದ್ದರೆ ಅಲ್ಲೇ ಇರುತ್ತಾನೆ. ಆದಷ್ಟು ಮೆಲ್ಲಗೆ, ಅವನಿಗೆ ಕೇಳುವಷ್ಟೇ ದನಿಯಲ್ಲಿ, "ಎರಡೂ ಕೈಲೆ ಬಿದಿರು ಹಿಡಕೊಂಡು ಇಳೀರಿ ಅಣ್ಣಾರ" ಎಂದಳು.

ಅವನು ಇಳಿಯತೊಡಗಿದ. ಅವಳು ಕೆಳಗಿನಿಂದ ಅವನ ಪಾದಗಳನ್ನೇ ನೋಡುತ್ತಿದ್ದಳು. ನೆಲ ಇನ್ನೇನು ಸಿಗಬೇಕು ಎನ್ನುವಾಗ ಅವನ ಕಾಲು ಜಾರಿತು. ಕೈ ಬಿದಿರನ್ನು ಹಿಡಿದಿತ್ತು. ತೂಗಾಡಿ, ಮರಳಿನ ರಾಶಿಯ ಮೇಲೆ ಬಿದ್ದು ನಕ್ಕ.

"ನಿನ್ನೆಯಿಂದ ಅಂಗಾಲು ದಪ್ಪ ಆದಂಗ ಆಗೈತ್ರಿ. ಸುಣ್ಣದ ನೀರು ಹತ್ತಿರಬೇಕು ಅಂದ್ಕೊಂಡೆ."

ವೈದ್ಯೆ ಅವನನ್ನು ಅಲ್ಲಿಂದಲೇ ಆಸ್ಪತ್ರೆಗೆ ಕರೆದೊಯ್ದಳು. ರೋಗ ಇನ್ನೂ ಪಾದದಲ್ಲೇ ಇತ್ತು. ಮದ್ದು ಹಿಡಿಯಿತು.

ಅವಳು ಹಿಂದಿರುಗುವಷ್ಟರಲ್ಲಿ ಖಾನಾವಳಿಯ ಹೆಂಗಸಿನ ಎದೆಗೆ ರೋಗ ಮುಟ್ಟಿತ್ತು. ಗಂಟಲಿಗೆ ಕೊಳವೆ ಹಾಕಿ, ಯಂತ್ರದಿಂದ ಉಸಿರಾಡಿಸುತ್ತಿದ್ದರು. ಕೈ ಅಲುಗುವುದಿಲ್ಲ, ಕಾಲು ಅಲುಗುವುದಿಲ್ಲ, ಮಾತಿಲ್ಲ. ಬುದ್ಧಿ ಮಾತ್ರ ಪೂರ್ತಿ ಎಚ್ಚರವಾಗಿತ್ತು. ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ವೈದ್ಯೆ ಒಳಗೆ ಬಂದಾಗ ಆ ಕಣ್ಣುಗಳು ಅವಳನ್ನು ಹಿಡಿದವು. ಅವಳು ಹಾಸಿಗೆಯ ಆಚೆಗೆ ಹೋದರೆ ಆಚೆಗೆ ಬಂದವು. ಈಚೆಗೆ ಬಂದರೆ ಈಚೆಗೆ ಬಂದವು. ಅಷ್ಟು ಭಯವನ್ನು ವೈದ್ಯೆ ಯಾವ ಕಣ್ಣಿನಲ್ಲೂ ಕಂಡಿರಲಿಲ್ಲ. ಹೆಂಗಸು ಕೇಳುತ್ತಿದ್ದ ಪ್ರಶ್ನೆ ಮೊದಲ ದಿನದ್ದೇ ಆಗಿತ್ತು. ಕೇಳಲು ಈಗ ಬಾಯಿ ಇರಲಿಲ್ಲ, ಅಷ್ಟೇ.

ವೈದ್ಯೆಯ ನಾಲಿಗೆಗೆ ಹಳೆಯ ಉತ್ತರ ಅಭ್ಯಾಸದಂತೆ ಬಂತು. ಅವಳು ಅದನ್ನು ನುಂಗಿದಳು. ಹಾಸಿಗೆಯ ಅಂಚಿನಲ್ಲಿ ಕೂತು, ಆ ಕಣ್ಣುಗಳನ್ನು ನೇರ ನೋಡಿ ಹೇಳಿದಳು.

"ಏನಾಗತೈತೋ ನನಗ ಗೊತ್ತಿಲ್ಲ ಅಕ್ಕಾರ. ಗೊತ್ತೈತಿ ಅಂತ ಅವತ್ತು ಸುಳ್ಳು ಹೇಳಿದೆ. ನನಗೂ ಅಂಜಿಕಿ ಆಗೈತಿ."

ಹೆಂಗಸು ಬಹಳ ಹೊತ್ತು ಅವಳನ್ನೇ ನೋಡಿದಳು. ಆಮೇಲೆ ಕಣ್ಣು ಮುಚ್ಚಿದಳು. ಕ್ಷಮಿಸಿದಳೋ, ನೋಡುವುದು ಸಾಕೆನಿಸಿತೋ, ವೈದ್ಯೆಗೆ ತಿಳಿಯಲಿಲ್ಲ. ತಿಳಿಯಲು ಅವಳು ಪ್ರಯತ್ನವನ್ನೂ ಮಾಡಲಿಲ್ಲ. ಅಲ್ಲೇ ಕೂತಿದ್ದಳು.

ಹೆಂಗಸು ಬದುಕಿದಳು. ಉಸಿರು ಮರಳಿತು, ಮಾತು ಮರಳಿತು, ಗೋಡೆ ಹಿಡಿದು ನಡೆಯುವಷ್ಟು ಕಾಲೂ ಬಂತು. ಕೈಗೆ ಮಾತ್ರ ಹಿಟ್ಟು ಬಡಿಯುವ ಶಕ್ತಿ ಬರಲಿಲ್ಲ. ಗೌಂಡಿ ಮತ್ತೆ ಅಟ್ಟಣಿಗೆ ಹತ್ತಿದ. ಇಬ್ಬರಿಗೂ ಬಂದದ್ದು ಒಂದೇ ರೋಗ, ಕೊಟ್ಟದ್ದು ಒಂದೇ ಮದ್ದು.

ಗುರುಗಳು ಕತೆ ನಿಲ್ಲಿಸಿದರು. ಶ್ರೀಶೈಲನ ಮುಖ ಬಿಳಿಚಿಕೊಂಡಿತ್ತು. ಅವನು ಕೇಳಿದ.

"ಹಾಗಾದರೆ ಜನ ಹೆದರಿಕೊಂಡೇ ಇರಲಿ ಎನ್ನುತ್ತೀರಾ, ಗುರುಗಳೇ?"

ಗುರುಗಳು ಕನ್ನಡಕ ಹಾಕಿಕೊಂಡು ಅವನನ್ನು ನೋಡಿದರು.

"ಅವರ ಭಯದ ಮಾತಿರಲಿ ಮಗು, ನಿನ್ನ ಭಯ ಎಲ್ಲಿ ಹೋಯಿತು?"